ಕಡಲು ತಂಪಾಗುವಾಗ ಬೋಟುಗಳು ದಡದಲ್ಲಿರಲಿ

ಜೂನ್ ಬಂತೆಂದರೆ ಬೆಂಗಳೂರಿನ ರಾಜರಾಜೇಶ್ವರಿನಗರದ ಮೀನಂಗಡಿಗಳಲ್ಲಿ ನಮ್ಮ ಕರಾವಳಿಯ ಬಂಗುಡೆ, ಬೂತಾಯಿ ಅಪರೂಪ; ಸಿಕ್ಕರೂ ರೇಟು ಕೇಳಿದವರು ಕೋಳಿ ಅಂಗಡಿಯತ್ತ ನಡೆಯುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಬೋಟುಗಳು ಕಡಲಿಗಿಳಿಯುವಂತಿಲ್ಲ. ಮಳೆಗಾಲದ ಅಬ್ಬರಕ್ಕೆ ಹೆದರಿ ಮಾಡಿದ ಕಾನೂನಿದು, ಈಗ ಬೋಟುಗಳೂ ಗಟ್ಟಿ, ಹವಾಮಾನ ಮುನ್ಸೂಚನೆಯೂ ಕೈಯಲ್ಲೇ ಇದೆ, ಇನ್ನೇಕೆ ನಿಷೇಧ ಎನ್ನುವವರಿದ್ದಾರೆ. ಇವರು ಗಾಳಿಯ ಅರ್ಧ ಕೆಲಸವನ್ನಷ್ಟೇ ಕಂಡವರು. ಬೋಟು ತಡೆಯುವ ಅದೇ ಗಾಳಿ ಕಡಲಿಗೆ ಗೊಬ್ಬರವನ್ನೂ ಹಾಕುತ್ತದೆ.

ಮುಂಗಾರಿನಲ್ಲಿ ನಮ್ಮ ತೀರದಗುಂಟ ಗಾಳಿ ವಾಯವ್ಯದಿಂದ ದಕ್ಷಿಣದತ್ತ ಬೀಸುತ್ತದೆ. ಭೂಮಿ ತಿರುಗುತ್ತಿರುವುದರಿಂದ ಮೇಲ್ಪದರದ ನೀರು ಗಾಳಿಯ ಬಲಕ್ಕೆ, ಅಂದರೆ ದಡದಿಂದ ಆಚೆಗೆ ಸರಿಯುತ್ತದೆ. ತೆರವಾದ ಜಾಗಕ್ಕೆ ಆಳದ ತಣ್ಣೀರು ಏಳುತ್ತದೆ. ಮೇ ತಿಂಗಳಲ್ಲಿ 30 ಡಿಗ್ರಿಯ ಆಸುಪಾಸಿನಲ್ಲಿದ್ದ ಮೇಲ್ಮೈ ಉಷ್ಣಾಂಶ ಆಗಸ್ಟ್ ಹೊತ್ತಿಗೆ ಕೆಲವು ಡಿಗ್ರಿ ಇಳಿದಿರುತ್ತದೆ. ಕೇರಳದ ತೀರದಲ್ಲಿ ಇದು ಜೋರು, ಉತ್ತರಕ್ಕೆ ಬಂದಂತೆ ಸಪ್ಪೆ. ತಣ್ಣೀರಿನ ಜೊತೆ ನೈಟ್ರೇಟ್, ಫಾಸ್ಫೇಟ್ ಮೇಲೆ ಬಂದು, ಬಿಸಿಲು ಬಿದ್ದಲ್ಲಿ ಕಣ್ಣಿಗೆ ಕಾಣದ ಪಾಚಿಗಳು ಹುಲುಸಾಗಿ ಬೆಳೆಯುತ್ತವೆ. ಬೂತಾಯಿಗೆ ಅದೇ ಮೇವು, ಅದು ಮೊಟ್ಟೆಯಿಡುವುದೂ ಇದೇ ತಿಂಗಳುಗಳಲ್ಲಿ. ಚಂಡಮಾರುತವೂ ಕಡಲನ್ನು ತಣಿಸುತ್ತದೆ, ನಿಜ. 2021ರ ಮೇ ತಿಂಗಳಲ್ಲಿ ತೌಕ್ತೆ ನಮ್ಮ ತೀರದಾಚೆ ಉತ್ತರಕ್ಕೆ ಸಾಗಿದಾಗ ಮೇಲಿನ ಬಿಸಿನೀರನ್ನು ಕೆಳಗಿನ ತಣ್ಣೀರಿನೊಡನೆ ಕಲಕಿಹಾಕಿತು. ಆದರೆ ತೂಫಾನು ತಂದ ತಂಪು ಹೆಚ್ಚು ದಿನ ನಿಲ್ಲದು. ತಿಂಗಳುಗಟ್ಟಲೆ ಬಿಡದೆ ಬೀಸುವ ಗಾಳಿಯೇ ಮೀನಿನ ಸುಗ್ಗಿಗೆ ಆಧಾರ.

ಮೇವು ಹೆಚ್ಚಿದ್ದಾಗಲೇ ಹಿಡಿದರೆ ತಪ್ಪೇನು? ಆಳದಿಂದ ಏಳುವ ನೀರಿನಲ್ಲಿ ಆಮ್ಲಜನಕ ಕಡಿಮೆ. ತಳದಲ್ಲಿರಬೇಕಾದ ಮೀನು, ಸಿಗಡಿ ಉಸಿರಾಟಕ್ಕಾಗಿ ದಡದ ಕಡೆಗೋ ಮೇಲಕ್ಕೋ ಬಂದು ಗುಂಪುಗೂಡುತ್ತವೆ. ಆಗ ಬಲೆ ಬೀಸಿದರೆ ಮೊಟ್ಟೆ ತುಂಬಿದ ತಾಯಿಮೀನು, ಮರಿಮೀನು ಎಲ್ಲವೂ ಒಟ್ಟಿಗೆ ದಕ್ಕೆಗೆ ಬಂದು ಬೀಳುತ್ತವೆ. ಎಲ್ಲ ಜಾತಿಯ ಮೀನೂ ಇದೇ ಎರಡು ತಿಂಗಳಲ್ಲಿ ಮರಿ ಮಾಡುವುದಿಲ್ಲ, ಗಾಳಿಯೂ ಪ್ರತಿವರ್ಷ ಒಂದೇ ದಿನಕ್ಕೆ ಬರುವುದಿಲ್ಲ ಎಂಬ ಆಕ್ಷೇಪದಲ್ಲಿ ಹುರುಳಿದೆ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಉಪಗ್ರಹ ಅಳೆದ ಕಡಲಿನ ಉಷ್ಣಾಂಶವನ್ನೂ ನೀರಿನ ಬಣ್ಣವನ್ನೂ ನೋಡಿ ಮೀನು ಎಲ್ಲಿ ಸಿಕ್ಕೀತೆಂದು ಹೇಳುತ್ತದೆ. ಅದೇ ಮಾಹಿತಿಯಿಂದ ಯಾವಾಗ ಹಿಡಿಯಬಾರದೆಂದೂ ತಿಳಿಯಬಹುದು. ದಿನಾಂಕ ಬದಲಿಸುವುದಾದರೆ ಅದನ್ನು ನೋಡಿ ಬದಲಿಸಲಿ. ಉಳಿದದ್ದು ಹೊಟ್ಟೆಪಾಡಿನ ಪ್ರಶ್ನೆ, ಇದೇ ಎಲ್ಲಕ್ಕಿಂತ ಗಟ್ಟಿ ಆಕ್ಷೇಪ. ಬೋಟಿನಲ್ಲಿ ಕೂಲಿಗೆ ದುಡಿಯುವವನಿಗೆ ಎರಡು ತಿಂಗಳು ಸಂಪಾದನೆಯಿಲ್ಲ. ಮೀನುಗಾರರಿಗೆ ಉಳಿತಾಯ-ಪರಿಹಾರ ಯೋಜನೆಯೇನೋ ಇದೆ. ಆ ಮೊತ್ತ ಸಂಸಾರ ತೂಗಿಸುವಷ್ಟಾಗಬೇಕು, ಜುಲೈ ಮುಗಿಯುವ ಮುನ್ನವೇ ಕೈಸೇರಬೇಕು. ಅದಕ್ಕೆ ತಗಲುವ ಖರ್ಚಿನಲ್ಲಿ ವರ್ಷವಿಡೀ ಮೀನು ತಿನ್ನುವ ಬೆಂಗಳೂರಿನ ಪಾಲೂ ಇರಲಿ.