ದೊಡ್ಡಮ್ಮನ ಫ್ಲಾಟಿಗೆ ಹಿತ್ತಿಲು ಬಂತು

ಮನೆ ಅಲಂಕಾರ ಅಂದರೆ ಹೊಸ ಪರದೆ, ಹೂದಾನಿ, ಷೋಕೇಸು ಇಷ್ಟೇ ಎಂದು ನಾನೂ ಬಹಳ ಕಾಲ ತಿಳಿದಿದ್ದೆ. ಅದು ತಪ್ಪು ಅಂತ ತೋರಿಸಿಕೊಟ್ಟವರು ನಮ್ಮ ದೊಡ್ಡಮ್ಮ.

ಸಾಗರದ ಕಡೆಯ ಹಳ್ಳಿಮನೆಯಲ್ಲಿ ಐವತ್ತು ವರ್ಷ ಬಾಳಿದವರು ಅವರು. ಬೆಳಗಾದರೆ ಅಂಗಳ, ಹಿತ್ತಿಲು, ಹೂವಿನ ಗಿಡ. ದೊಡ್ಡಪ್ಪ ತೀರಿಕೊಂಡ ಮೇಲೆ ಒಬ್ಬರೇ ಇರುವುದು ಬೇಡವೆಂದು ಮಕ್ಕಳು ಮೈಸೂರಿನಲ್ಲಿ, ಹಿರಿಯರಿಗೆಂದೇ ಕಟ್ಟಿದ ವಸತಿಯೊಂದರಲ್ಲಿ ಚಿಕ್ಕ ಫ್ಲಾಟು ಮಾಡಿಕೊಟ್ಟರು. ಊಟ, ಲಿಫ್ಟು, ಕರೆದರೆ ನರ್ಸು, ಎಲ್ಲಾ ಉಂಟು. ಅದನ್ನು ಸಿಂಗರಿಸುವ ಹೊಣೆ ನನ್ನ ಪಾಲಿಗೆ ಬಂತು. ಪ್ಲಾಸ್ಟಿಕ್ ಬಳ್ಳಿ ಇಳಿಬಿಟ್ಟೆ, ಗಾಜಿನ ಟೀಪಾಯಿ ಇಟ್ಟೆ, ಬಾಗಿಲ ಬಳಿ ಚೆಂದದ ಸೆಣಬಿನ ಚಾಪೆ ಹಾಸಿದೆ. ದೊಡ್ಡಮ್ಮ ಒಂದು ಸುತ್ತು ನೋಡಿ, "ಚೆನ್ನಾಗಿದೆ ಕಣೇ. ಆದರೆ ಇಲ್ಲಿ ನಂಗೆ ಮಾಡೋಕೇನೂ ಇಲ್ವಲ್ಲ" ಅಂದರು.

ಆ ಮಾತು ನನ್ನ ಕಿವಿಗೆ ಬಿತ್ತು, ಮನಸ್ಸಿಗೆ ಬೀಳಲಿಲ್ಲ. ತಿಂಗಳು ಬಿಟ್ಟು ಹೋದರೆ ಹಾಡಹಗಲೇ ಪರದೆ ಎಳೆದು ಮಲಗಿದ್ದಾರೆ! ಸಾಲದ್ದಕ್ಕೆ, ನನ್ನ ಚೆಂದದ ಚಾಪೆಯ ಅಂಚಿಗೆ ಕಾಲು ಸಿಕ್ಕಿ ಮುಗ್ಗರಿಸಿದ್ದರಂತೆ. ಗೋಡೆ ಕೈಗೆ ಸಿಕ್ಕಿದ್ದರಿಂದ ಸೊಂಟ ಉಳಿಯಿತು.

ಆಗ ಹಿಂದೆ ಓದಿದ್ದೊಂದು ನೆನಪಾಯಿತು. ಅಮೆರಿಕದ ಕನೆಕ್ಟಿಕಟ್‌ನ ಒಂದು ವೃದ್ಧರ ಶುಶ್ರೂಷಾಲಯದಲ್ಲಿ ಎಲೆನ್ ಲ್ಯಾಂಗರ್ ಮತ್ತು ಜುಡಿತ್ ರೋಡಿನ್ ಎಂಬಿಬ್ಬರು ಮಾಡಿದ ಪ್ರಯೋಗ ಅದು, 1976ರಲ್ಲಿ ಪ್ರಕಟವಾಯಿತು. ಒಂದು ಮಹಡಿಯ ಹಿರಿಯರಿಗೆ, ಗಿಡ ನೀವೇ ಆರಿಸಿಕೊಳ್ಳಿ, ನೀವೇ ನೋಡಿಕೊಳ್ಳಿ, ನಿಮ್ಮ ದಿನ ಹೇಗಿರಬೇಕೋ ನೀವೇ ತೀರ್ಮಾನಿಸಿ ಎಂದರು. ಇನ್ನೊಂದು ಮಹಡಿಯವರಿಗೂ ಗಿಡ ಕೊಟ್ಟರು, ಆದರೆ ನೀರು ಹಾಕುವವರು ನರ್ಸುಗಳು. ಮೂರು ವಾರ ಕಳೆಯುವಷ್ಟರಲ್ಲಿ ಮೊದಲಿನವರು ಹೆಚ್ಚು ಲವಲವಿಕೆಯಿಂದ ಓಡಾಡುತ್ತಿದ್ದರಂತೆ. ಚಿಕ್ಕ ಪ್ರಯೋಗವೇ ಇರಬಹುದು. ಆದರೆ ದೊಡ್ಡಮ್ಮ ಹೇಳಿದ್ದೂ ಇದನ್ನೇ ತಾನೆ?

ಪ್ಲಾಸ್ಟಿಕ್ ಬಳ್ಳಿಯನ್ನು ಕಿತ್ತೆಸೆದೆ. ದೊಡ್ಡಮ್ಮನನ್ನೇ ನರ್ಸರಿಗೆ ಕರೆದೊಯ್ದೆ. ತುಳಸಿ, ಮಲ್ಲಿಗೆ, ಮರುಗ, ದೊಡ್ಡಪತ್ರೆ ಅವರೇ ಆರಿಸಿದರು. ನಾನು ತೋರಿಸಿದ ಬಣ್ಣದ ಎಲೆಯ ಗಿಡಕ್ಕೆ, "ಇದರಿಂದ ಏನುಪಯೋಗ?" ಎಂದು ಮುಖ ತಿರುಗಿಸಿದರು!

ನಿಮ್ಮ ಮನೆಯ ಹಿರಿಯರಿಗೂ ಇಂಥ ಮನೆ ಅಣಿಮಾಡುವುದಿದ್ದರೆ ಇವು ನೆನಪಿರಲಿ:

1. ಮೊದಲು ಬೆಳಕು. ವಯಸ್ಸಾದ ಕಣ್ಣಿಗೆ ಹೆಚ್ಚು ಬೆಳಕು ಬೇಕು. ದಪ್ಪ ಪರದೆ ತೆಗೆದು ತೆಳು ಹತ್ತಿಯದು ಹಾಕಿ. ಕುರ್ಚಿಯನ್ನು ಟಿ.ವಿ.ಗಲ್ಲ, ಕಿಟಕಿಗೆ ಹತ್ತಿರ ಇಡಿ.

2. ತುಳಸಿ, ಮಲ್ಲಿಗೆಗೆ ಬಿಸಿಲು ಬೇಕೇ ಬೇಕು. ಬಾಲ್ಕನಿಯೇ ಅವಕ್ಕೆ ಜಾಗ. ಬಿಸಿಲು ಕಡಿಮೆಯಾದರೆ ಮನಿಪ್ಲಾಂಟ್ ಸಾಕು. ಬಾಟಲಿಯಲ್ಲಿಟ್ಟರೆ ವಾರಕ್ಕೊಮ್ಮೆ ನೀರು ಬದಲಿಸಿ, ಇಲ್ಲದಿದ್ದರೆ ಸೊಳ್ಳೆ ಮರಿ ಮಾಡುತ್ತದೆ.

3. ಕುಂಡಗಳು ಹಗುರವಾಗಿರಲಿ, ಸೊಂಟದೆತ್ತರದ ಗಟ್ಟಿ ಹಲಗೆಯ ಮೇಲಿರಲಿ. ಬಗ್ಗುವ ಕಷ್ಟ ಬೇಡ. ಬಕೆಟ್ಟಿನ ಬದಲು ಚಿಕ್ಕ ಚೊಂಬು ಕೊಡಿ. ಕುಂಡದ ಕೆಳಗೆ ತಟ್ಟೆಯಿರಲಿ. ನೆಲಕ್ಕೆ ನೀರು ಹರಿದರೆ ಜಾರುವುದು ಖಂಡಿತ.

4. ಓಡಾಡುವ ದಾರಿಯಲ್ಲಿ ಚಾಪೆ, ಕುಂಡ ಯಾವುದೂ ಬೇಡ. ಚಾಪೆಯ ಆಸೆಯಿದ್ದರೆ ಗೋಡೆಗೆ ತೂಗುಹಾಕಿ. ಗಾಜಿನ ಟೀಪಾಯಿಗಿಂತ ಮೂಲೆ ಉರುಟಾದ ಬೆತ್ತದ ಮೋಡ ವಾಸಿ.

5. ಕಣಗಿಲೆ ವಿಷ. ಮನಿಪ್ಲಾಂಟ್ ಎಲೆ ಅಗಿದರೂ ಬಾಯಿ ಉರಿಯುತ್ತದೆ. ಮರೆವಿನ ಕಾಯಿಲೆಯವರಿದ್ದರೆ, ಮೊಮ್ಮಕ್ಕಳು ಬರುತ್ತಿದ್ದರೆ ಇವು ಕೈಗೆ ಸಿಗದಿರಲಿ.

6. ಹಳೆಯ ಮನೆಯದು ಒಂದೆರಡಾದರೂ ಜೊತೆಗೆ ಬರಲಿ. ದೊಡ್ಡಮ್ಮನ ಹಿತ್ತಾಳೆ ಚೊಂಬೇ ಈಗ ಹೂದಾನಿ. ಬಿದಿರಿನ ಬುಟ್ಟಿಯಲ್ಲಿ ನಿಂಬೆಹಣ್ಣು. ಗೋಡೆಗೆ ನಮ್ಮ ಕಡೆಯ ಹಸೆ ಚಿತ್ತಾರ. ಅಕ್ಕಿಹಿಟ್ಟಿನ ಬಿಳಿ, ಕೆಮ್ಮಣ್ಣಿನ ಕೆಂಪಿಗಿಂತ ಬೇರೆ ಬಣ್ಣ ಬೇಕೆ?

ದೊಡ್ಡಪತ್ರೆ ನೆಡುವುದು ಬಲು ಸುಲಭ. ಗೇಣುದ್ದ ಕಡ್ಡಿ ಚುಚ್ಚಿದರೆ ಸಾಕು, ಬೇರು ಬಿಡುತ್ತದೆ. ಹತ್ತು ಎಲೆಯನ್ನು ತುಪ್ಪದಲ್ಲಿ ಜೀರಿಗೆ, ನಾಲ್ಕು ಕಾಳುಮೆಣಸಿನ ಜೊತೆ ಬಾಡಿಸಿ, ಎರಡು ಚಮಚ ಕಾಯಿತುರಿ ಸೇರಿಸಿ ರುಬ್ಬಿ, ಮಜ್ಜಿಗೆಗೆ ಬೆರೆಸಿ, ಉಪ್ಪು ಹಾಕಿದರೆ ತಂಬುಳಿ ಸಿದ್ಧ.

ಈ ತಂಬುಳಿಯ ರುಚಿ ಹತ್ತಿ ಎದುರು ಫ್ಲಾಟಿನವರು ಕಡ್ಡಿ ಕೇಳಿಕೊಂಡು ಬಂದರು. ಅವರ ಹಿಂದೆ ಮೇಲಿನ ಮಹಡಿಯವರು. ದೊಡ್ಡಮ್ಮನಿಗೆ ಅಲ್ಲಿ ಗೆಳತಿಯರಾದದ್ದು ಹೀಗೆ. ಊರಿನ ನೆನಪಾಗಿ ಕಣ್ಣೀರು ಹಾಕುವುದು ಪೂರ್ತಿ ನಿಂತಿಲ್ಲ. ಐವತ್ತು ವರ್ಷದ ಅಂಗಳವನ್ನು ನಾಲ್ಕು ಕುಂಡ ತುಂಬಿಕೊಡುವುದಿಲ್ಲ. ಆದರೆ ಮೊನ್ನೆ ಫೋನು ಮಾಡಿದರೆ, "ಆಮೇಲೆ ಮಾಡೇ, ಗಿಡಕ್ಕೆ ನೀರು ಹಾಕ್ತಿದೀನಿ" ಎಂದು ಇಟ್ಟೇಬಿಟ್ಟರು!

ಹಿರಿಯರ ಮನೆ ಸಿಂಗರಿಸಲು ಹೊರಟಾಗ ಅಂಗಡಿಗೆ ಹೋಗುವ ಮೊದಲು ಅವರನ್ನೇ ಒಂದು ಮಾತು ಕೇಳಿ. ನಾನು ಕೇಳದೆ ಕೆಟ್ಟೆ, ನೀವು ಕೇಳಿ ಗೆಲ್ಲಿ.