ಮಣಿಕಟ್ಟಿನ ಮೇಲಿನ ಚರ್ಮ

ಬಸದಿಯ ಬಾಗಿಲಲ್ಲಿ ‘ಚರ್ಮದ ವಸ್ತುಗಳನ್ನು ಒಳಗೆ ತರಬಾರದು’ ಎಂಬ ಫಲಕವಿರುತ್ತದೆ. ಅದನ್ನು ಓದಿ ಸೊಂಟದ ಬೆಲ್ಟನ್ನು ಬಿಚ್ಚಿಡುವವರಿದ್ದಾರೆ. ಹಣದ ಪರ್ಸನ್ನು ಕಾರಿನಲ್ಲಿಯೇ ಬಿಟ್ಟು ಬರುವವರಿದ್ದಾರೆ. ಆದರೆ ಗರ್ಭಗೃಹದ ಮುಂದೆ ಗಂಧೋದಕಕ್ಕಾಗಿ ಚಾಚಿದ ಕೈಯನ್ನು ಯಾರೂ ಗಮನಿಸುವುದಿಲ್ಲ. ಎಷ್ಟೋ ವೇಳೆ ಆ ಮಣಿಕಟ್ಟಿನಲ್ಲಿ ಕರುವಿನ ಚರ್ಮವಿರುತ್ತದೆ. ಕೈಗಡಿಯಾರವೆಂದರೆ ಲೋಹ, ಗಾಜು, ಯಂತ್ರ ಎಂದಷ್ಟೇ ಎಲ್ಲರೂ ತಿಳಿದಿದ್ದಾರೆ. ಅದನ್ನು ಕೈಗೆ ಬಿಗಿದ ಪಟ್ಟಿ ಯಾವ ಜೀವದ ಮೈಯಿಂದ ಬಂತೆಂದು ಕೇಳುವ ವಾಡಿಕೆಯೇ ಇಲ್ಲ.

ಈ ಅಲಕ್ಷ್ಯವು ಈಚೆಗೆ ಒಂದು ಅಭಿರುಚಿಯ ರೂಪವನ್ನೂ ತಾಳಿದೆ. 1960ರ ದಶಕದ ಕ್ರೀಡಾ ಗಡಿಯಾರಗಳನ್ನು ಸಂಗ್ರಹಿಸುವ ಹವ್ಯಾಸ ಅನುಕೂಲಸ್ಥ ಕುಟುಂಬಗಳ ತರುಣರನ್ನು ಹಿಡಿದಿದೆ. ಸ್ವಿಟ್ಜರ್ಲೆಂಡಿನ ಹಾಯರ್ ಸಂಸ್ಥೆ 1963ರಲ್ಲಿ ಹೊರತಂದ ಕರೇರಾ ಗಡಿಯಾರವು ಮೆಕ್ಸಿಕೋದ ಒಂದು ಮೋಟಾರು ಪಂದ್ಯದ ಹೆಸರನ್ನು ಹೊತ್ತಿತ್ತು. ಅಂತಹ ಗಡಿಯಾರಕ್ಕೆ ‘ರ್‍ಯಾಲಿ’ ಪಟ್ಟಿಯೇ ಒಪ್ಪುವುದೆಂಬುದು ಸಂಗ್ರಾಹಕರ ನಂಬಿಕೆ. ಪಂದ್ಯದ ಕಾರಿನ ಸ್ಟಿಯರಿಂಗ್ ಚಕ್ರದ ಹೊದಿಕೆಯಲ್ಲಿ, ಚಾಲಕನ ಕೈಗವಸಿನಲ್ಲಿ ಇರುವಂತೆ ಸಾಲುಸಾಲಾಗಿ ತೂತು ಕೊರೆದ ಚರ್ಮದ ಪಟ್ಟಿ ಅದು. ತೂತುಗಳು ಬೆವರು ಆರುವುದಕ್ಕಾಗಿ. ಇಂದು ಅದನ್ನು ಕೈಯಿಂದಲೇ ಮಾಡಿಸಿ ದೂರದೇಶದಿಂದ ತರಿಸುವವರಿದ್ದಾರೆ. ಕುಶಲಕರ್ಮಿಯು ಚರ್ಮವನ್ನು ಅಳತೆಗೆ ಕತ್ತರಿಸುತ್ತಾನೆ. ಒಂದೊಂದೇ ತೂತನ್ನು ಹೊಡೆಯುತ್ತಾನೆ. ಅಗಸೆನಾರಿನ ದಾರಕ್ಕೆ ಜೇನುಮೇಣ ಸವರಿ ಎರಡು ಸೂಜಿಗಳಿಂದ ಹೊಲಿಯುತ್ತಾನೆ. ಅಂಚನ್ನು ಉಜ್ಜಿ ಹೊಳಪು ಬರಿಸುತ್ತಾನೆ. ಕೆಲಸ ಸುಂದರವೆಂಬುದರಲ್ಲಿ ಸಂದೇಹವಿಲ್ಲ. (ಜೇನನ್ನು ತ್ಯಜಿಸಿದ ಮನೆಗೆ ಜೇನುಮೇಣ ಬರುವ ಹಾದಿಯೂ ಇದೇ.) ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಿಂದ 1961ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಎಚ್.ಎಂ.ಟಿ. ಗಡಿಯಾರ ಕಾರ್ಖಾನೆ ಇಂದು ಇಲ್ಲ. ಆದರೆ ತಂದೆಯ ಕಾಲದ ಆ ಗಡಿಯಾರಗಳನ್ನು ರಿಪೇರಿ ಮಾಡಿಸಿ ಇಂತಹ ಪಟ್ಟಿ ಹಾಕಿಸುವ ಮಕ್ಕಳಿದ್ದಾರೆ.

ಈ ಪಟ್ಟಿಯನ್ನು ಕಟ್ಟಿಕೊಳ್ಳುವ ತರುಣ ಕ್ರೂರಿಯಲ್ಲ. ಅವನು ರಾತ್ರಿಭೋಜನ ಮಾಡದವನಾಗಿರಬಹುದು, ಕಂದಮೂಲ ಮುಟ್ಟದವನೂ ಆಗಿರಬಹುದು. ಆದುದರಿಂದಲೇ ಅವನ ಮುಂದೆ ಶಾಸ್ತ್ರದ ಮಾತನ್ನು ಇಡುವುದು ಅವಶ್ಯ. ಗೃಹಸ್ಥನಿಗೆ ಸಂಬಂಧಿಸಿದ ಹಿಂಸೆಯನ್ನು ಆಚಾರ್ಯರು ನಾಲ್ಕು ಬಗೆಯಾಗಿ ವಿವೇಚಿಸಿದ್ದಾರೆ. ಅಡುಗೆ, ಮನೆಗೆಲಸಗಳಲ್ಲಿ ಆಗುವುದು ಆರಂಭೀ. ಜೀವನೋಪಾಯದಲ್ಲಿ ಆಗುವುದು ಉದ್ಯೋಗೀ. ರಕ್ಷಣೆಗಾಗಿ ಆಗುವುದು ವಿರೋಧೀ. ಇವು ಗೃಹಸ್ಥನಿಗೆ ಪೂರ್ಣವಾಗಿ ತಪ್ಪವು. ನಾಲ್ಕನೆಯದಾದ ಸಂಕಲ್ಪೀ ಹಿಂಸೆಯನ್ನು ಮಾತ್ರ ಅವನು ಬಿಡಲೇಬೇಕು. ಕಾಲವನ್ನು ತೋರಿಸುವುದು ಗಡಿಯಾರ, ಪಟ್ಟಿಯಲ್ಲ. ಅಲಂಕಾರದ ಚರ್ಮವನ್ನು ಮೊದಲ ಮೂರರಲ್ಲಿ ಯಾವುದರೊಳಗೆ ಸೇರಿಸಲು ಸಾಧ್ಯ? ಅದು ಅಡುಗೆಯಲ್ಲ, ಉದ್ಯೋಗವಲ್ಲ, ರಕ್ಷಣೆಯೂ ಅಲ್ಲ.

“ಕೊಂದವನು ತಾನಲ್ಲ” ಎಂಬ ಉತ್ತರ ಕೂಡಲೇ ಬರುತ್ತದೆ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯ ಆ ಬಾಗಿಲನ್ನು ಮುಚ್ಚಿದೆ. ಸಂರಂಭ, ಸಮಾರಂಭ, ಆರಂಭ, ಮನ, ವಚನ, ಕಾಯ, ಕೃತ, ಕಾರಿತ, ಅನುಮತ, ನಾಲ್ಕು ಕಷಾಯಗಳು. ಇವನ್ನು ಗುಣಿಸಿದರೆ 108 ಭೇದಗಳಾಗುತ್ತವೆ. ಕೊಲ್ಲುವುದು ಅವುಗಳಲ್ಲಿ ಕೆಲವೇ ಕೆಲವು. ಹಣ ಕೊಟ್ಟು ತರಿಸಿದ್ದು ಕಾರಿತ. ಗೆಳೆಯನ ಕೈಯಲ್ಲಿದ್ದುದನ್ನು ಕಂಡು ಸೊಗಸೆಂದು ಮೆಚ್ಚಿದ್ದು ಅನುಮತ. ನಾಲ್ಕು ಜನ ಕಾಣಲೆಂದು ತೋಳನ್ನು ಮಡಿಸಿದ್ದು ಮಾನಕಷಾಯ.

ಎರಡನೆಯ ಉತ್ತರ ಇನ್ನೂ ಜಾಣತನದ್ದು: ಪ್ರಾಣಿ ಸತ್ತದ್ದು ಮಾಂಸಕ್ಕಾಗಿ, ಚರ್ಮ ಉಳಿದದ್ದಷ್ಟೆ. ಆದರೆ ಚರ್ಮ ಬಿಟ್ಟಿಯಾಗಿ ದೊರೆಯುವುದಿಲ್ಲ. ಅದರ ಬೆಲೆ ಕಸಾಯಿಖಾನೆಯ ಲೆಕ್ಕಕ್ಕೆ ಸೇರುತ್ತದೆ, ಅದರ ಲಾಭವನ್ನು ಹೆಚ್ಚಿಸುತ್ತದೆ. ರ್‍ಯಾಲಿ ಪಟ್ಟಿಗೆ ಬೇಕಾದದ್ದು ಮುದಿ ದನದ ಒರಟು ಚರ್ಮವಲ್ಲ, ಎಳೆಗರುವಿನ ನುಣುಪು ಚರ್ಮ. ಹಾಲಿನ ಉದ್ಯಮಕ್ಕೆ ಬೇಡವಾದ ಗಂಡುಕರುಗಳು ಎಲ್ಲಿಗೆ ಹೋಗುತ್ತವೆಂಬುದು ಗುಟ್ಟಿನ ಸಂಗತಿಯೇನಲ್ಲ. ಈ ಮಾತು ಅಭಿಷೇಕದ ಹಾಲಿನ ಕೊಡದವರೆಗೂ ಹೋಗುತ್ತದೆಂದು ಕೆಲವರು ಎಚ್ಚರಿಸುವರು. ಹೋಗಲಿ, ಆ ವಿಚಾರವೂ ಆಗಬೇಕಾದದ್ದೇ. ಒಂದು ಪ್ರಶ್ನೆ ಕಠಿನವಾಗಿದೆಯೆಂದು ಸುಲಭದ ಪ್ರಶ್ನೆಗೂ ಉತ್ತರಿಸದಿರುವುದು ನ್ಯಾಯವಲ್ಲ.

ಹದ ಮಾಡುವ ಹಂತದಲ್ಲಿಯೂ ಹಿಂಸೆ ನಿಲ್ಲುವುದಿಲ್ಲ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ ತಮಿಳುನಾಡಿಗೆ ಹರಿಯುವ ಪಾಲಾರ್ ನದಿಯ ದಡದಲ್ಲಿ ವಾಣಿಯಂಬಾಡಿ, ಆಂಬೂರುಗಳ ಚರ್ಮದ ಕಾರ್ಖಾನೆಗಳು ನೀರನ್ನೂ ಹೊಲಗಳನ್ನೂ ಕೆಡಿಸಿದ ವಿಷಯ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು; 1996ರಲ್ಲಿ ಬಂದ ಅದರ ತೀರ್ಪು ಪ್ರಸಿದ್ಧವಾಗಿದೆ. ಪಟ್ಟಿಯನ್ನು ಕೈಯಿಂದ ಹೊಲಿದಿರಬಹುದು. ಹೊಲಿಯುವವನ ಮೇಜಿಗೆ ಬರುವ ಮುನ್ನ ಚರ್ಮ ಹಾದುಬರುವುದು ಸಾಮಾನ್ಯವಾಗಿ ಇಂತಹ ಕಾರ್ಖಾನೆಗಳನ್ನೇ. ‘ಕೈಕಸುಬು’ ಎಂಬ ಪದಕ್ಕೆ ಖಾದಿಯ ಕಾಲದಿಂದ ಬಂದ ಗೌರವವನ್ನು ಈ ವ್ಯಾಪಾರ ಎರವಲು ಪಡೆದಿದೆ. ಗಾಂಧೀಜಿಯವರು ಚರ್ಮದ ಕಸುಬನ್ನು ಪ್ರೋತ್ಸಾಹಿಸಿದ್ದು ನಿಜ. ಆದರೆ ಅವರು ಬಯಸಿದ್ದು ತಾನಾಗಿ ಸತ್ತ ದನದ ಚರ್ಮವನ್ನು. ಅದನ್ನಾದರೂ ಜೈನ ಶ್ರಾವಕ ಒಪ್ಪಬಹುದೇ? ತಾನಾಗಿ ಸತ್ತ ಪ್ರಾಣಿಯ ಮಾಂಸದಲ್ಲಿಯೂ ನಿಗೋದ ಜೀವಿಗಳ ಘಾತವಿದೆಯೆಂದು ಅಮೃತಚಂದ್ರಾಚಾರ್ಯರ ಪುರುಷಾರ್ಥಸಿದ್ಧ್ಯುಪಾಯ ಹೇಳುತ್ತದೆ. ಚರ್ಮದ ಚೀಲದಲ್ಲಿಟ್ಟ ನೀರು, ಎಣ್ಣೆ, ಇಂಗುಗಳನ್ನು ಸೇವಿಸುವುದನ್ನೂ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಮಾಂಸತ್ಯಾಗದ ಅತಿಚಾರವೆಂದು ಎಣಿಸಿದ್ದಾರೆ. ಚರ್ಮ ಸೋಕಿದ ಇಂಗನ್ನೇ ದೂರವಿಟ್ಟ ಪರಂಪರೆಯಲ್ಲಿ ಹುಟ್ಟಿದವರು ಚರ್ಮವನ್ನೇ ನಾಡಿಯ ಮೇಲೆ ಕಟ್ಟಿಕೊಂಡು ಆ ಕೈಯಿಂದಲೇ ಉಣ್ಣುತ್ತಾರೆ.

ಇನ್ನೊಂದು ವಾದವಿದೆ. ಹಳೆಯ ಸ್ವಿಸ್ ಸೈನ್ಯದ ಮದ್ದುಗುಂಡಿನ ಚೀಲಗಳನ್ನು ಬಿಚ್ಚಿ, ಆ ಚರ್ಮದಿಂದ ವಾಚಿನ ಪಟ್ಟಿ ಮಾಡುವವರಿದ್ದಾರೆ. ಪ್ರಾಣಿ ಸತ್ತು ಎಷ್ಟೋ ದಶಕಗಳಾದವು, ಈಗ ಹೊಸ ಹಿಂಸೆ ಎಲ್ಲಿಂದ ಎಂದು ಅವರನ್ನು ಮೆಚ್ಚುವವರು ಕೇಳುತ್ತಾರೆ. ಇದಕ್ಕೆ ಉತ್ತರವನ್ನು ಜನ್ನ 1209ರಲ್ಲಿಯೇ ಯಶೋಧರ ಚರಿತೆಯಲ್ಲಿ ಇಟ್ಟಿದ್ದಾನೆ. ಯಶೋಧರ ಬಲಿಕೊಟ್ಟದ್ದು ಹಿಟ್ಟಿನ ಕೋಳಿಯನ್ನು. ಅಲ್ಲಿ ರಕ್ತವಿರಲಿಲ್ಲ, ಜೀವವಿರಲಿಲ್ಲ, ಸಂಕಲ್ಪ ಮಾತ್ರವಿತ್ತು. ಅಷ್ಟಕ್ಕೇ ತಾಯಿಮಗ ಇಬ್ಬರೂ ಭವಭವಗಳಲ್ಲಿ ಪ್ರಾಣಿಗಳಾಗಿ ಹುಟ್ಟಿ ಸತ್ತರು. ಹಳೆಯ ಚರ್ಮದ ಸೊಗಸನ್ನು ಮೆಚ್ಚುವ ಕಣ್ಣು ಹೊಸ ಚರ್ಮದ ಆಸೆಯನ್ನು ಜೀವಂತವಾಗಿಡುತ್ತದೆ. ಹಾಗಾದರೆ ಕೃತಕ ಚರ್ಮವೂ ಹಿಟ್ಟಿನ ಕೋಳಿಯೇ ಎಂದು ಕೇಳಬಹುದು. ಅಲ್ಲ. ಯಶೋಧರನ ಸಂಕಲ್ಪ ಕೊಲ್ಲುವುದಾಗಿತ್ತು. ಕೃತಕ ಚರ್ಮವನ್ನು ತಿಳಿದು ಆರಿಸಿಕೊಂಡವನ ಸಂಕಲ್ಪ ಕೊಲ್ಲದಿರುವುದಾಗಿದೆ. ನೋಡಲು ಒಂದೇ ಬಗೆಯಾದ ಎರಡು ವಸ್ತುಗಳು ಭಾವದಲ್ಲಿ ವಿರುದ್ಧ ದಿಕ್ಕಿನವು.

ಇಷ್ಟಕ್ಕೂ ಹಳೆಯ ಗಡಿಯಾರಕ್ಕೆ ಚರ್ಮವೇ ‘ಅಸಲು’ ಎಂಬ ನಂಬಿಕೆ ಇತಿಹಾಸದ ಮುಂದೆ ನಿಲ್ಲುವುದಿಲ್ಲ. ಅಮೆರಿಕದ ಡ್ಯುಪಾಂಟ್ ಸಂಸ್ಥೆಯು 1960ರ ದಶಕದ ಮೊದಲ ವರ್ಷಗಳಲ್ಲಿ ಕಾರ್ಫಾಮ್ ಎಂಬ ಕೃತಕ ಚರ್ಮವನ್ನು ಪಾದರಕ್ಷೆಗಳಿಗಾಗಿ ಹೊರತಂದಿತು, 1971ರಲ್ಲಿ ಕೈಬಿಟ್ಟಿತು. ತೂತುಗಳುಳ್ಳ ಪಂದ್ಯದ ಪಟ್ಟಿಗಳನ್ನು ಆ ಕಾಲದಲ್ಲಿಯೇ ಕಾರ್ಫಾಮಿನಿಂದಲೂ ಮಾಡುತ್ತಿದ್ದರು. ಸಂಗ್ರಾಹಕರು ಇಂದು ಅವನ್ನೇ ಹುಡುಕಿ ಕೊಳ್ಳುತ್ತಾರೆ. ನೀರಿನಲ್ಲಿ ಮುಳುಗುವವರು ಟ್ರಾಪಿಕ್ ಎಂಬ ರಂಧ್ರಗಳುಳ್ಳ ರಬ್ಬರ್ ಪಟ್ಟಿಯನ್ನು ಕಟ್ಟುತ್ತಿದ್ದರು. 1969ರಲ್ಲಿ ಚಂದ್ರನ ನೆಲದ ಮೇಲೆ ಬಜ್ ಆಲ್ಡ್ರಿನ್ ನಡೆದಾಗ ಅವರ ಒಮೆಗಾ ಗಡಿಯಾರವನ್ನು ಅಂತರಿಕ್ಷದ ಉಡುಪಿನ ಮೇಲೆ ಬಿಗಿದದ್ದು ಉದ್ದನೆಯ ವೆಲ್ಕ್ರೋ ಪಟ್ಟಿ. ಬ್ರಿಟಿಷ್ ರಕ್ಷಣಾ ಇಲಾಖೆ 1973ರಲ್ಲಿ ತನ್ನ ಸೈನಿಕರಿಗೆ ಗೊತ್ತುಪಡಿಸಿದ್ದು ನೈಲಾನ್ ಪಟ್ಟಿ. ಇವರಲ್ಲಿ ಯಾರೂ ಅಹಿಂಸಾವ್ರತಿಗಳಲ್ಲ. ಕೆಲಸಕ್ಕೆ ಒದಗಿದ್ದನ್ನು ಕಟ್ಟಿಕೊಂಡರು. ವ್ರತವಿಲ್ಲದವರಿಗೆ ಚರ್ಮ ಬೇಕಾಗಿರಲಿಲ್ಲ, ವ್ರತವುಳ್ಳವರಿಗೆ ಬೇಕಾಗಿದೆ.

ನೈಲಾನ್, ರಬ್ಬರ್‌ಗಳಿಗೂ ಅವುಗಳದೇ ದೋಷಗಳಿವೆ. ಹತ್ತಿಯ ಕ್ಯಾನ್ವಾಸ್ ಪಟ್ಟಿಯೂ ಉಕ್ಕಿನ ಸರಪಳಿಯೂ ಅಂಗಡಿಗಳಲ್ಲಿ ದೊರೆಯುತ್ತವೆ. ಕೊಳ್ಳುವಾಗ ಒಳಪದರವನ್ನೂ ವಿಚಾರಿಸಬೇಕು, ಏಕೆಂದರೆ ಮೇಲೆ ಬಟ್ಟೆಯಿದ್ದು ಅಡಿಯಲ್ಲಿ ಚರ್ಮವಿರುವ ಪಟ್ಟಿಗಳು ಬಹಳ.

ಬಸದಿಯ ಟ್ರಸ್ಟುಗಳು ಮಾಡಬೇಕಾದದ್ದೂ ಹೆಚ್ಚಿನದೇನಲ್ಲ. ಬಾಗಿಲಿನ ಫಲಕಕ್ಕೆ ‘ವಾಚಿನ ಪಟ್ಟಿ’ ಎಂಬ ಎರಡು ಪದಗಳನ್ನು ಸೇರಿಸಬಹುದು. ಪಂಚಕಲ್ಯಾಣ ಮಹೋತ್ಸವಗಳಲ್ಲಿ ದಾನಿಗಳಿಗೆ ಗಡಿಯಾರ ಕೊಟ್ಟು ಸನ್ಮಾನಿಸುವಾಗ ಪಟ್ಟಿ ಯಾವುದರದೆಂದು ಅಂಗಡಿಯವನನ್ನು ಕೇಳಿ ಬರೆಯಿಸಿಕೊಳ್ಳಬಹುದು. ಆಗ ತರುಣರು ಮರುಪ್ರಶ್ನೆ ಹಾಕುವುದು ಖಂಡಿತ: ಉತ್ಸವದಲ್ಲಿ ಬಾರಿಸುವ ಮದ್ದಳೆಯ ಮುಖಕ್ಕೆ ಬಿಗಿದದ್ದು ಏನು, ಕಚೇರಿಯಲ್ಲಿರುವ ಹಳೆಯ ಲೆಕ್ಕದ ಪುಸ್ತಕಗಳ ರಟ್ಟಿನ ಬೆನ್ನಿಗೆ ಅಂಟಿಸಿದದ್ದು ಏನು? ಟ್ರಸ್ಟಿನ ಹಿರಿಯರು ಈ ಪ್ರಶ್ನೆಯನ್ನು ಉದ್ಧಟತನವೆಂದು ತಳ್ಳಿಹಾಕದೆ ಮುಂದಿನ ಸಭೆಯ ಕಾರ್ಯಸೂಚಿಯಲ್ಲಿಯೇ ಸೇರಿಸಿಕೊಳ್ಳಬೇಕು.