ಪುರಪಿತೃಗಳ ಬೊಕ್ಕಸ ಯಾರ ಪಾಲಿಗೆ ಖಾಲಿ?

ಮುನಸಿಪಾಲಿಟಿಯಲ್ಲಿ ದುಡ್ಡಿಲ್ಲ. ಯಾವ ಊರಿನ ಪುರಪಿತೃಗಳನ್ನು ಕೇಳಿದರೂ ಬರುವ ಉತ್ತರ ಇದೊಂದೇ. ಗಿರಣಿ ಚಾಳಿನ ಹಿಂದಿನ ಗಟಾರ ಕಟ್ಟಿಸಿರಿ ಎಂದರೆ ದುಡ್ಡಿಲ್ಲ. ಹೆಣ್ಣುಮಕ್ಕಳಿಗೆ ಒಂದು ಪಾಯಿಖಾನೆ ಕಟ್ಟಿಸಿರಿ ಎಂದರೆ ದುಡ್ಡಿಲ್ಲ. ಅದೇ ಊರಿನಲ್ಲಿ ಸರ್ಕಲ್ಲಿಗೆ ಬಣ್ಣದ ಕಾರಂಜಿ ಕೂರಿಸುವುದಕ್ಕೆ, ಗಟ್ಟಿಯಾಗಿಯೇ ಇದ್ದ ಕಾಲುದಾರಿಯ ಕಲ್ಲು ಕಿತ್ತು ಬೇರೆ ಕಲ್ಲು ಹಾಸುವುದಕ್ಕೆ ಮಾತ್ರ ಎಲ್ಲಿಂದಲೋ ದುಡ್ಡು ಹುಟ್ಟುತ್ತದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆಯನ್ನು ನಮ್ಮ ಹಿರಿಯರು ಯಾವ ಸಭೆಯನ್ನು ಕಂಡು ಕಟ್ಟಿದರೋ ತಿಳಿಯದು.

ದುಡ್ಡಿಲ್ಲ ಎಂಬುದು ಪೂರಾ ಸುಳ್ಳಲ್ಲ. ಅರ್ಧ ಸತ್ಯ. ಅರ್ಧ ಸತ್ಯವೇ ಹೆಚ್ಚು ಅಪಾಯಕಾರಿ, ಏಕೆಂದರೆ ಕೇಳಿದವನು ತಲೆಯಾಡಿಸಿ ಮನೆಗೆ ಹೋಗುತ್ತಾನೆ. ಹೋಗುವ ಮೊದಲು ಎರಡು ಪ್ರಶ್ನೆ ಕೇಳಿರಿ ಎಂದು ನಮ್ಮ ಗಿರಣಿ ಬಂಧುಗಳಿಗೂ ಅಂಗಡಿಕಾರ ಬಂಧುಗಳಿಗೂ ಹೇಳಬಯಸುತ್ತೇವೆ. ಈ ಬೊಕ್ಕಸವನ್ನು ಖಾಲಿ ಮಾಡಿದವರು ಯಾರು? ಅದನ್ನು ತುಂಬುವಾಗ ಯಾರ ಜೇಬಿಗೆ ಕೈ ಹಾಕುತ್ತಾರೆ?

ಒಂದು ಕಾಲಕ್ಕೆ ಊರ ಬಾಗಿಲಿನ ನಾಕೆಯಲ್ಲಿ ಎತ್ತುತ್ತಿದ್ದ ಆಕ್ಟ್ರಾಯ್ ಸುಂಕವೇ ಪುರಸಭೆಗಳ ದೊಡ್ಡ ವರಮಾನವಾಗಿತ್ತು. 1979ರಲ್ಲಿ ಕರ್ನಾಟಕ ಸರ್ಕಾರ ಅದನ್ನು ರದ್ದು ಮಾಡಿತು. ನಾಕೆಯ ಕಿರುಕುಳ ತಪ್ಪಿದ್ದಕ್ಕೆ ವ್ಯಾಪಾರಿಗಳು ನಿಟ್ಟುಸಿರು ಬಿಟ್ಟರು. ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ಊರಿನ ಕೈಯಲ್ಲಿದ್ದ ದುಡ್ಡು ಹೋಗಿ, ಅದರ ಬದಲಿಗೆ ಬೆಂಗಳೂರಿನಿಂದ ಬರುವ ಅನುದಾನವಾಯಿತು. ಅಂದಿನಿಂದ ಪುರಸಭೆಯ ಅಧ್ಯಕ್ಷ ವಿಧಾನಸೌಧದ ಪಡಸಾಲೆಯಲ್ಲಿ ಅರ್ಜಿ ಹಿಡಿದು ನಿಲ್ಲುವ ಮನುಷ್ಯನಾದ. 2017ರಲ್ಲಿ ಜಿ.ಎಸ್.ಟಿ. ಬಂದಾಗ ಜಾಹೀರಾತು ತೆರಿಗೆಯೂ ಅದರ ಹೊಟ್ಟೆ ಸೇರಿತು. ಇಷ್ಟೆಲ್ಲ ಆದ ಮೇಲೆ ಉಳಿದದ್ದು ಆಸ್ತಿ ತೆರಿಗೆ, ನೀರಿನ ದರ, ಮಳಿಗೆಯ ಬಾಡಿಗೆ, ಲೈಸೆನ್ಸಿನ ಶುಲ್ಕ, ಸಂತೆಯ ಸುಂಕ.

ದುಡ್ಡು ಹೋದ ದಾರಿಯಲ್ಲೇ ಅಧಿಕಾರವೂ ಹೋಗಿದೆ. ನೀರಿನ ಯೋಜನೆಗೆ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ. ಕೊಳಚೆ ಪ್ರದೇಶಕ್ಕೆ ಕೊಳಚೆ ಮಂಡಳಿ. ಬಡಾವಣೆಗೆ 1987ರ ಕಾಯಿದೆಯಂತೆ ನಗರಾಭಿವೃದ್ಧಿ ಪ್ರಾಧಿಕಾರ. ಮನೆಗೆ ರಾಜೀವ್ ಗಾಂಧಿ ವಸತಿ ನಿಗಮ. ಇವುಗಳಲ್ಲಿ ಒಂದರ ಅಧ್ಯಕ್ಷರನ್ನೂ ನೀವಾಗಲಿ ನಾವಾಗಲಿ ಓಟು ಹಾಕಿ ಆರಿಸಿಲ್ಲ. ನಾವು ಓಟು ಹಾಕಿ ಕಳಿಸಿದ ಸದಸ್ಯನಿಗೆ ಉಳಿದದ್ದು ಕಸದ ಗಾಡಿ, ಬೀದಿಯ ದೀಪ, ಮತ್ತು ಬೈಸಿಕೊಳ್ಳುವ ಕೆಲಸ.

ಸಂವಿಧಾನದ 74ನೆಯ ತಿದ್ದುಪಡಿ 1993ರ ಜೂನ್ 1ರಂದು ಜಾರಿಗೆ ಬಂದಿತು. ಹನ್ನೆರಡನೆಯ ಅನುಸೂಚಿಯಲ್ಲಿ 18 ವಿಷಯಗಳನ್ನು ಬರೆದಿದ್ದಾರೆ: ನೀರು ಸರಬರಾಜು, ಕೊಳಚೆ ಪ್ರದೇಶದ ಸುಧಾರಣೆ, ಪಟ್ಟಣದ ಬಡತನ ನಿವಾರಣೆ, ನಗರ ಯೋಜನೆ ಎಲ್ಲವೂ ಅಲ್ಲಿವೆ. ಆದರೆ ಒಂದು ಮಾತನ್ನು ಗಮನಿಸಿರಿ. ಈ ಅಧಿಕಾರಗಳನ್ನು ರಾಜ್ಯದ ಶಾಸನಸಭೆ ಊರಿಗೆ ಕೊಡಬೇಕು ಎಂದು ಅಲ್ಲಿಲ್ಲ, ಕೊಡಬಹುದು ಎಂದಿದೆ. ಮೂವತ್ತು ವರ್ಷಕ್ಕೂ ಮೇಲಾಗಿ ನಮ್ಮ ಶಾಸಕರು ಆ 'ಬಹುದು' ಎಂಬ ಮೂರು ಅಕ್ಷರದ ಕೆಳಗೆ ನೆರಳು ಹುಡುಕಿಕೊಂಡು ಕೂತಿದ್ದಾರೆ. ಗ್ರಾಮ, ಜಿಲ್ಲೆ, ಪ್ರಾಂತ, ಕೇಂದ್ರ ಎಂಬ ನಾಲ್ಕು ಕಂಬಗಳ ಮೇಲೆ ರಾಜ್ಯ ನಿಲ್ಲಬೇಕೆಂದು ಲೋಹಿಯಾ ಅವರು ಹೇಳುತ್ತಿದ್ದರು. ಈಗ ಇರುವುದು ಎರಡೇ ಕಂಬ. ಉಳಿದದ್ದು ಬರೀ ಚಪ್ಪರ.

ಈ ಚಪ್ಪರದ ಕೆಳಗೆ 2015ರ ಜೂನ್ 25ರಂದು ಸ್ಮಾರ್ಟ್ ಸಿಟಿ ಎಂಬ ಮೆರವಣಿಗೆ ಹೊರಟಿತು. ದೇಶದ 100 ನಗರಗಳು. ನಮ್ಮ ರಾಜ್ಯದಲ್ಲಿ ಏಳು. ದಾವಣಗೆರೆ, ಬೆಳಗಾವಿ ಮೊದಲ ಪಂಕ್ತಿಯಲ್ಲೇ ಕೂತವು. ಊರೊಂದಕ್ಕೆ ಕೇಂದ್ರದಿಂದ 500 ಕೋಟಿ ರೂಪಾಯಿ, ಅಷ್ಟೇ ಹಣ ರಾಜ್ಯ ಮತ್ತು ನಗರದಿಂದ ಎಂಬುದು ಲೆಕ್ಕ. ದುಡ್ಡು ಬಂದದ್ದು ನಗರಸಭೆಯ ಕೈಗಲ್ಲ, ಅದಕ್ಕೆಂದೇ ಕಟ್ಟಿದ ಒಂದು ಕಂಪನಿಗೆ. ಅರ್ಧ ಷೇರು ರಾಜ್ಯದ್ದು, ಅರ್ಧ ಷೇರು ನಗರದ್ದು. ಈ ಯೋಜನೆಯ ಮಟ್ಟಿಗೆ ಚುನಾಯಿತ ಸಭೆಗೆ ಇರುವ ಹಕ್ಕು ಬಾಧ್ಯತೆಗಳನ್ನು ಕಂಪನಿಗೆ ವಹಿಸಿಕೊಡುವಂತೆ ಕೇಂದ್ರದ ಮಾರ್ಗಸೂಚಿಯೇ ಹೇಳಿತ್ತು. ಹಳೆಯ ಪ್ರದೇಶವನ್ನು ಸುಧಾರಿಸುವುದಾದರೆ 500 ಎಕರೆಗೆ ಮೇಲ್ಪಟ್ಟ ಒಂದು ತುಂಡನ್ನು ಆರಿಸಿಕೊಳ್ಳಬೇಕು, ಕೆಡವಿ ಕಟ್ಟುವುದಾದರೆ 50 ಎಕರೆಗೆ ಮೇಲ್ಪಟ್ಟ ಒಂದು ತುಂಡನ್ನು. ಇಡೀ ಊರಿಗೆ ಊಟ ಎಂದು ಸಾರಿ, ಒಂದು ಪಂಕ್ತಿಗೆ ಬಡಿಸಿದ ಹಾಗಾಯಿತು. 2025ರ ಮಾರ್ಚ್ 31ಕ್ಕೆ ಆ ಮೆರವಣಿಗೆ ಮುಗಿದು ಪೆಟ್ರೊಮ್ಯಾಕ್ಸ್ ಆರಿತು. ಕಟ್ಟಿದ್ದನ್ನು ಸಂಭಾಳಿಸುವ ಖರ್ಚು ಮಾತ್ರ ಆ ನಗರಗಳ ಖಾತೆಗೆ ಬಂತು. ಯೋಜನೆ ಹಾಕುವಾಗ ಬೇಡವಾಗಿದ್ದ ಸಭೆ ಬಿಲ್ಲು ಕಟ್ಟುವಾಗ ಬೇಕಾಯಿತು.

ನೀರಿನ ಕಥೆಯನ್ನೂ ಹೇಳಬೇಕು. ವಿಶ್ವಬ್ಯಾಂಕಿನ ಸಾಲ ತಂದು ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವೇ ವಾರ್ಡುಗಳಲ್ಲಿ ದಿನದ 24 ಗಂಟೆಯೂ ನೀರು ಕೊಡುವ ಪ್ರಯೋಗ ನಡೆಯಿತು. ಫ್ರಾನ್ಸ್ ದೇಶದ ಒಂದು ದೊಡ್ಡ ಕಂಪನಿಗೆ ಕೆಲಸ ವಹಿಸಿದ್ದರು. 2008ರಿಂದ ಆ ವಾರ್ಡುಗಳಲ್ಲಿ ನೀರು ಬಂದದ್ದು ನಿಜ. ಬಡವರ ಮನೆಯ ನಳದಲ್ಲೂ ಬಂತು. ಇದನ್ನು ಮುಚ್ಚಿಟ್ಟು ಬರೆದರೆ ನಮ್ಮ ಓದುಗರಿಗೆ ಮೋಸ ಮಾಡಿದಂತೆ. ಆದರೆ ಪಕ್ಕದ ವಾರ್ಡಿನವರು ವಾರವೆಲ್ಲ ಕೊಡಗಳ ಸಾಲು ಹಚ್ಚಿ ವರ್ಷಾನುಗಟ್ಟಲೆ ಕಾದರು. ಹೊಸ ಕೊಳವೆ ಹಾಕಿ, ಸೋರಿಕೆ ನಿಲ್ಲಿಸಿ, ದುಡ್ಡು ಸುರಿದರೆ ನೀರು ಬರುತ್ತದೆ ಎಂಬುದಷ್ಟೇ ಅದರಿಂದ ಸಿದ್ಧವಾದದ್ದು. ಕಂಪನಿಯಿಂದಲೇ ನೀರು ಬರುತ್ತದೆ ಎಂಬುದಲ್ಲ. ಆ ಕೊಳವೆ ಹಾಕಿದ್ದು ಸರ್ಕಾರದ ಸಾಲದಿಂದ. ಸಾಲ ತೀರಿಸುವುದು ನಮ್ಮ ನಿಮ್ಮ ತೆರಿಗೆಯಿಂದ. ಇಷ್ಟು ದುಡ್ಡನ್ನು ಊರಿನ ಸ್ವಂತ ಇಂಜಿನಿಯರುಗಳ ಕೈಗೆ ಕೊಟ್ಟು ಯಾರಾದರೂ ನೋಡಿದ್ದರೇ?

ಇನ್ನು ಮನೆ. ಸ್ಮಾರ್ಟ್ ಸಿಟಿ ಹುಟ್ಟಿದ ದಿನವೇ ಪ್ರಧಾನಮಂತ್ರಿ ಆವಾಸ್ ಯೋಜನೆಯೂ ಹುಟ್ಟಿತು. ಬಡವನ ಮನೆಯೊಂದಕ್ಕೆ ಕೇಂದ್ರ ಕೊಡುವುದು ಒಂದೂವರೆ ಲಕ್ಷ ರೂಪಾಯಿ. ರಾಜ್ಯ ತನ್ನ ಪಾಲು ಸೇರಿಸಿದ ಮೇಲೂ ಉಳಿದದ್ದು ಫಲಾನುಭವಿಯ ವಂತಿಗೆ. ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವವನಿಗೆ, ಬದಲಿ ಕಾರ್ಮಿಕನಿಗೆ, ತಳ್ಳುಗಾಡಿಯವಳಿಗೆ ಸಂಬಳದ ಚೀಟಿ ಇಲ್ಲ. ಚೀಟಿ ಇಲ್ಲದವರಿಗೆ ಬ್ಯಾಂಕಿನ ಸಾಲ ಇಲ್ಲ. ಫಲಾನುಭವಿ ಎಂಬ ಹೆಸರು ಸಿಕ್ಕಿತು, ಫಲ ಮಾತ್ರ ಕೈಗೆ ಎಟುಕಲಿಲ್ಲ.

ಈಗ ಎರಡನೆಯ ಪ್ರಶ್ನೆಗೆ ಬರೋಣ. ನಮ್ಮ ಆಸ್ತಿ ತೆರಿಗೆ ಆಸ್ತಿಯ ಬೆಲೆಯ ಇಷ್ಟು ಪಾಲು ಎಂಬ ಲೆಕ್ಕದ ಮೇಲೆ ನಿಂತಿದೆ. ಕೇಳುವುದಕ್ಕೆ ನ್ಯಾಯವಾಗಿದೆ. ಆದರೆ ಇಪ್ಪತ್ತು ಸಾವಿರ ದುಡಿಯುವವನಿಗೆ ನೂರು ರೂಪಾಯಿಯೂ, ಇಪ್ಪತ್ತು ಲಕ್ಷ ಎಣಿಸುವವನಿಗೆ ಹತ್ತು ಸಾವಿರವೂ ಒಂದೇ ಭಾರವೇ? ವಾಣಿಜ್ಯ ಕಟ್ಟಡಕ್ಕೆ ವಾಸದ ಮನೆಗಿಂತ ಹೆಚ್ಚಿನ ದರ. ಎಂಟಡಿ ಅಗಲದ ಕಿರಾಣಿ ಅಂಗಡಿಯೂ ವಾಣಿಜ್ಯವೇ. ಎಸ್ಕಲೇಟರ್ ಇರುವ ಮಾಲೂ ವಾಣಿಜ್ಯವೇ. ಬೀದಿ ವ್ಯಾಪಾರಿಯ ಗತಿ ಇನ್ನೂ ಕಡೆ. ಅನೇಕ ಊರುಗಳಲ್ಲಿ ನೆಲಬಾಡಿಗೆ ಎತ್ತುವ ಹಕ್ಕನ್ನೇ ಹರಾಜು ಹಾಕುತ್ತಾರೆ. ಹರಾಜು ಹಿಡಿದ ಗುತ್ತಿಗೆದಾರ ಬೆಳಗಾಗುತ್ತಲೇ ಸೊಪ್ಪಿನ ಬುಟ್ಟಿಯ ಮುಂದೆ ಕೈಯೊಡ್ಡುತ್ತಾನೆ. ಸೊಪ್ಪು ಮಾರಾಟವಾಯಿತೇ ಇಲ್ಲವೇ ಎಂದು ಕೇಳುವವನಲ್ಲ. 2014ರ ಬೀದಿ ವ್ಯಾಪಾರಿಗಳ ಕಾಯಿದೆಯ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ 40ಕ್ಕೆ ಕಡಿಮೆಯಿಲ್ಲದಷ್ಟು ಸದಸ್ಯರು ವ್ಯಾಪಾರಿಗಳೇ ಆರಿಸಿದ ವ್ಯಾಪಾರಿಗಳಾಗಿರಬೇಕು. ನಿಮ್ಮ ಊರಿನ ಸಮಿತಿಯಲ್ಲಿ ಯಾರಿದ್ದಾರೆ, ಹೆಸರು ಗೊತ್ತೇ?

ಇದಕ್ಕಿಂತ ಬೇರೆ ದಾರಿಯೇ ಇಲ್ಲ ಎನ್ನುವವರಿಗೆ ವಿಯೆನ್ನಾ ನಗರದ ಸಂಗತಿ ಹೇಳುತ್ತೇವೆ. ಮೊದಲ ಮಹಾಯುದ್ಧ ಮುಗಿದಾಗ ಆ ಊರು ಹಸಿವಿನಿಂದ ಕಂಗಾಲಾಗಿತ್ತು. ಸೋತ ದೇಶದ ರಾಜಧಾನಿ, ಬೆಲೆ ಕಳೆದುಕೊಂಡ ನಾಣ್ಯ. ಕ್ಷಯರೋಗಕ್ಕೆ 'ವಿಯೆನ್ನಾ ರೋಗ' ಎಂದೇ ಹೆಸರು. ಕಾರ್ಮಿಕರಲ್ಲಿ ಎಷ್ಟೋ ಮಂದಿಗೆ ಕೋಣೆಯೂ ಇರಲಿಲ್ಲ. ಇನ್ನೊಬ್ಬರ ಹಾಸಿಗೆಯನ್ನು ಕೆಲವು ಗಂಟೆಗಳಿಗೆಂದು ಬಾಡಿಗೆಗೆ ಹಿಡಿದು ಮಲಗುತ್ತಿದ್ದರು. ರಾತ್ರಿ ಪಾಳಿಯವನು ಎದ್ದು ಹೋದ ಚಾಪೆಯ ಮೇಲೆ ಹಗಲು ಪಾಳಿಯವನು ಮಲಗುವುದನ್ನು ಕಂಡ ನಮ್ಮ ಗಿರಣಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

1919ರಲ್ಲಿ ಅಲ್ಲಿನ ನಗರಸಭೆಯಲ್ಲಿ ಸೋಷಿಯಲ್ ಡೆಮಾಕ್ರಾಟರಿಗೆ ಬಹುಮತ ಬಂತು. 1922ರಲ್ಲಿ ವಿಯೆನ್ನಾ ತಾನೇ ಒಂದು ಪ್ರಾಂತವಾಗಿ, ತೆರಿಗೆ ಹಾಕುವ ಅಧಿಕಾರ ಪಡೆಯಿತು. ಹಣಕಾಸಿನ ಹೊಣೆ ಹೊತ್ತ ಹ್ಯೂಗೋ ಬ್ರೈಟ್ನರ್ 1923ರಲ್ಲಿ ವಸತಿ ತೆರಿಗೆ ತಂದರು. ಅದು ಎಲ್ಲರ ಮೇಲೂ ಬಿತ್ತು, ಆದರೆ ಮೆಟ್ಟಿಲು ಮೆಟ್ಟಿಲಾಗಿ ಬಿತ್ತು. ಕಾರ್ಮಿಕನ ಎರಡು ಕೋಣೆಯ ಮನೆಗೆ ಬಿಡಿಗಾಸು. ಸಿರಿವಂತನ ಅರಮನೆಗೆ ಕತ್ತು ಹಿಡಿದಂಥ ತೆರಿಗೆ. ಆಳುಕಾಳಿನ ಮೇಲೆ, ಮೋಟಾರಿನ ಮೇಲೆ, ಶಾಂಪೇನ್ ಮದ್ಯದ ಮೇಲೆ, ಕುದುರೆ ಜೂಜಿನ ಮೇಲೆ ಬೇರೆ ತೆರಿಗೆಗಳು. ಐದು ವರ್ಷದಲ್ಲಿ 25,000 ಮನೆ ಎಂದು 1923ರಲ್ಲಿ ಠರಾವು ಮಾಡಿದರು. ಅವಧಿಗೆ ಮೊದಲೇ ಮುಗಿಸಿದರು. 1934ರ ಹೊತ್ತಿಗೆ 60,000ಕ್ಕೂ ಹೆಚ್ಚು ಮನೆಗಳಾಗಿದ್ದವು. ಸಾಲದ ಮೇಲೆ ಕಟ್ಟಿದ್ದಲ್ಲ, ಬಹುಪಾಲು ತೆರಿಗೆಯಿಂದಲೇ ಕಟ್ಟಿದ್ದು. ಆದ್ದರಿಂದ ಬಡ್ಡಿಯ ಭಾರ ಬಾಡಿಗೆಯ ಮೇಲೆ ಬೀಳಲಿಲ್ಲ. ಕಾರ್ಮಿಕನ ಕೂಲಿಯಲ್ಲಿ ನೂರಕ್ಕೆ ನಾಲ್ಕರಷ್ಟು ಬಾಡಿಗೆ ಸಾಕಾಯಿತು. ಇಂದು ನಮ್ಮ ಊರಿನಲ್ಲಿ ಕೂಲಿಯ ಎಷ್ಟು ಪಾಲು ಬಾಡಿಗೆಗೆ ಹೋಗುತ್ತದೆ ಎಂದು ಪ್ರತಿಯೊಬ್ಬರೂ ತಮ್ಮ ಬೆರಳಿನಲ್ಲೇ ಎಣಿಸಿ ನೋಡಲಿ.

1930ರಲ್ಲಿ ತೆರೆದ ಕಾರ್ಲ್ ಮಾರ್ಕ್ಸ್ ಹೋಫ್ ಎಂಬ ಕಟ್ಟಡದ ಉದ್ದ ಒಂದು ಕಿಲೋಮೀಟರಿಗೂ ಹೆಚ್ಚು. ಸುಮಾರು 1,380 ಮನೆಗಳು. ಬಟ್ಟೆ ಒಗೆಯುವ ಶಾಲೆಗಳು, ಸ್ನಾನಗೃಹಗಳು, ಶಿಶುವಿಹಾರ, ವಾಚನಾಲಯ, ನಡುವೆ ಮಕ್ಕಳು ಆಡುವ ಅಂಗಳ. 1934ರ ಫೆಬ್ರವರಿಯಲ್ಲಿ ಡೋಲ್‌ಫುಸ್ ಸರ್ಕಾರ ಇದೇ ಕಟ್ಟಡದ ಮೇಲೆ ಫಿರಂಗಿ ಹಾರಿಸಿತು. ನಗರಸಭೆಯನ್ನು ವಿಸರ್ಜಿಸಿ, ನಾಯಕರನ್ನು ಸೆರೆಗೆ ಹಾಕಿತು. ಮನೆ ಕಟ್ಟಿದ ತಪ್ಪಿಗೆ ಫಿರಂಗಿ! ಆದರೂ ಕಟ್ಟಡ ಇಂದಿಗೂ ನಿಂತಿದೆ, ಅದರಲ್ಲಿ ಜನ ವಾಸವಾಗಿದ್ದಾರೆ. ಆ ನಗರದ ಕೈಯಲ್ಲಿ ಈಗ ಸುಮಾರು 2,20,000 ಮನೆಗಳಿವೆ.

ವಿಯೆನ್ನಾ ಎಲ್ಲಿ, ನಮ್ಮ ಊರೆಲ್ಲಿ ಎಂದು ಪುರಪಿತೃಗಳು ನಗುತ್ತಾರೆ; ನಗಲಿ. ವ್ಯತ್ಯಾಸ ಇರುವುದು ಹಣದಲ್ಲಿ ಅಲ್ಲ, ತೆರಿಗೆಯ ಅಧಿಕಾರದಲ್ಲಿ. ಅಧಿಕಾರವಿಲ್ಲದಿದ್ದರೆ ಏನು ಮಾಡಬೇಕೆಂಬುದಕ್ಕೆ ಲಂಡನ್ನಿನ ಪೂರ್ವ ಭಾಗದ ಪಾಪ್ಲರ್ ಉತ್ತರ ಕೊಟ್ಟಿದೆ. ಹಡಗುಕಟ್ಟೆಯ ಕೂಲಿಗಳ ಬಡ ಪೇಟೆ ಅದು. ಅಲ್ಲಿನ ನಿರುದ್ಯೋಗಿಗಳ ಹೊಟ್ಟೆ ತುಂಬಿಸುವ ಖರ್ಚೂ ಅಲ್ಲಿನ ಬಡವರ ಮೇಲೆಯೇ ಬೀಳುತ್ತಿತ್ತು; ಶ್ರೀಮಂತರ ವೆಸ್ಟ್‌ಮಿನ್‌ಸ್ಟರ್ ಕೈ ತೊಳೆದುಕೊಂಡಿತ್ತು. 1921ರಲ್ಲಿ ಜಾರ್ಜ್ ಲ್ಯಾನ್ಸ್‌ಬರಿ ಅವರ ಮುಂದಾಳುತನದಲ್ಲಿ ಪಾಪ್ಲರಿನ ಸಭೆ ಮೇಲಿನ ಸಂಸ್ಥೆಗಳಿಗೆ ವಸೂಲಿ ಮಾಡಿ ಕೊಡುವುದಿಲ್ಲ ಎಂದಿತು. ಮೂವತ್ತು ಮಂದಿ ಸದಸ್ಯರು ಜೈಲಿಗೆ ಹೋದರು, ಅವರಲ್ಲಿ ಐವರು ಹೆಂಗಸರು. ಜೈಲಿನೊಳಗೇ ಕೌನ್ಸಿಲ್ ಸಭೆ ಸೇರಿತು. ಹೆಂಗಸರನ್ನು ಅವರ ಜೈಲಿನಿಂದ ಸಭೆಗೆ ಕರೆತಂದರು. ಆರು ವಾರದಲ್ಲಿ ಸರ್ಕಾರ ಬಗ್ಗಿತು. ಬಡ ಪೇಟೆಯ ಖರ್ಚನ್ನು ಲಂಡನ್ನೆಲ್ಲ ಹಂಚಿಕೊಳ್ಳುವಂತೆ ಅದೇ ವರ್ಷ ಕಾನೂನು ಬಂತು. ನಮ್ಮ ಸದಸ್ಯರನ್ನು ಜೈಲಿಗೆ ಹೋಗಿ ಎಂದು ನಾವು ಕೇಳುತ್ತಿಲ್ಲ. ಒಂದು ಠರಾವು ಮಾಡಿ ಬೆಂಗಳೂರಿಗೆ ಕಳಿಸುವ ಧೈರ್ಯವಾದರೂ ಬರಲಿ.

ಆದರೆ ಠರಾವು ಮಾಡಲು ಸಭೆಯಾದರೂ ಇರಬೇಕಲ್ಲ! ಬೆಂಗಳೂರಿನ ಪಾಲಿಕೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ಐದು ವರ್ಷ ತುಂಬಿದರೂ ಚುನಾವಣೆ ನಡೆಯಲಿಲ್ಲ. ಹುಬ್ಬಳ್ಳಿ-ಧಾರವಾಡದ ಜನ 2019ರಿಂದ 2021ರ ಸೆಪ್ಟೆಂಬರಿನವರೆಗೆ ಕಾದರು. ಮೀಸಲಾತಿ ಪಟ್ಟಿ, ವಾರ್ಡು ವಿಂಗಡಣೆ, ಕೋರ್ಟಿನ ತಡೆಯಾಜ್ಞೆ ಎಂದು ನೆಪಕ್ಕೆ ಬರವಿಲ್ಲ. ಆಳುವ ಪಕ್ಷದ ಬಣ್ಣ ಬದಲಾಯಿತು, ಈ ಚಟ ಬದಲಾಗಲಿಲ್ಲ. ಆಡಳಿತಾಧಿಕಾರಿಯ ಕಾಲದಲ್ಲಿ ಟೆಂಡರು ಸಲೀಸು. ತಕರಾರು ಎತ್ತುವ ಬಾಯಿ ಇರುವುದಿಲ್ಲ.

ಆಯವ್ಯಯ ಪತ್ರ ಏಪ್ರಿಲ್ ಒಂದರೊಳಗೆ ಸಿದ್ಧವಾಗಬೇಕು. ಅದಕ್ಕೆ ಮುಂಚೆ ಪ್ರತಿ ವಾರ್ಡಿನಿಂದ ಐದಾರು ಮಂದಿ, ಗಿರಣಿಯವರೂ ಅಂಗಡಿಯವರೂ ಕೂಡಿ, ಕಚೇರಿಗೆ ಹೋಗಿ ಕಳೆದ ಸಾಲಿನ ಖರ್ಚನ್ನು ವಾರ್ಡುವಾರು ಕೇಳಿರಿ. ಬಾಯಿಮಾತಿಗೆ ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯಂತೆ ಹತ್ತು ರೂಪಾಯಿ ಶುಲ್ಕದೊಡನೆ ಅರ್ಜಿ ಹಾಕಿರಿ; ಮೂವತ್ತು ದಿನದೊಳಗೆ ಉತ್ತರ ಕೊಡಬೇಕು. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು. ಆದ್ದರಿಂದ ಗಟಾರಕ್ಕೊಂದು, ನೀರಿಗೊಂದು, ನೆಲಬಾಡಿಗೆಯ ಹರಾಜಿಗೊಂದು ಎಂದು ಬೇರೆ ಬೇರೆಯಾಗಿ ಬರೆಯಿರಿ. ಜನಸಂಖ್ಯೆ ಮೂರು ಲಕ್ಷ ದಾಟಿದ ಊರಾದರೆ ಸಂವಿಧಾನದ ಪ್ರಕಾರ ವಾರ್ಡ್ ಸಮಿತಿ ಇರಲೇಬೇಕು; ಅದು ಎಷ್ಟು ಸಲ ಸೇರಿತು ಎಂದು ನಡವಳಿ ಪುಸ್ತಕದ ನಕಲು ಕೇಳಿರಿ. ಬರೆಯಲು ಕೈ ಹಿಂಜರಿಯುವವರು ಭಾನುವಾರ ಬೆಳಿಗ್ಗೆ ನಮ್ಮ ಕಚೇರಿಗೆ ಬನ್ನಿ. ಅರ್ಜಿ ಬರೆದುಕೊಡುವುದು ನಮ್ಮ ಹಳೆಯ ಕಸುಬು.